ಕೆಟ್ಟಿದ್ದು ಕಂಪ್ಯೂಟರೋ, ಮನೆಯೋ?

ಊರಿನಲ್ಲಿ ವಿಜ್ಞಾನದ ಮೇಷ್ಟ್ರಾಗಿರುವುದರಿಂದ ಒಂದು ಫಜೀತಿ ಉಂಟು. ಮಿಕ್ಸಿ ತಿರುಗದಿದ್ದರೂ, ಬೋರ್‌ವೆಲ್ಲಿನ ಮೋಟಾರು ನೀರೆತ್ತದಿದ್ದರೂ, ಟಿ.ವಿ.ಯಲ್ಲಿ ಚಿತ್ರ ಬಾರದಿದ್ದರೂ ಜನ ಮೊದಲು ಬಂದು ಬಾಗಿಲು ತಟ್ಟುವುದು ನಮ್ಮ ಮನೆಯದನ್ನೇ. “ನೀವು ಪಾಠ ಮಾಡೋದು ಇದನ್ನೇ ಅಲ್ವಾ ಸಾರ್?” ಎನ್ನುತ್ತಾರೆ. ಪಾಠ ಮಾಡುವುದು ಬೇರೆ, ರಿಪೇರಿ ಮಾಡುವುದು ಬೇರೆ ಎಂದರೆ ಯಾರೂ ನಂಬುವುದಿಲ್ಲ. ಹೀಗೆ ನಂಬದೇ ಬಂದ ಒಬ್ಬ ಹುಡುಗನ ಕಥೆಯನ್ನು ಈ ವಾರ ಹೇಳುತ್ತೇನೆ. ಇದರಲ್ಲಿ ನಾನು ಮಾಡಿದ ಒಂದು ತಪ್ಪೂ ಸೇರಿದೆ. ಅದನ್ನು ಮುಚ್ಚಿಟ್ಟರೆ ಪಾಠ ಪೂರ್ತಿಯಾಗುವುದಿಲ್ಲ.

ಹುಡುಗ ಹತ್ತನೇ ತರಗತಿಯವನು. ದಸರಾ ರಜೆಯಲ್ಲಿ ಯಾವುದೋ ಕಚೇರಿಯವರು ಮಾರಿದ ಹಳೆಯ ಕಂಪ್ಯೂಟರೊಂದನ್ನು ಅಗ್ಗಕ್ಕೆ ತಂದು, ಬಿಚ್ಚಿ, ಬೇಕಾದ ಭಾಗಗಳನ್ನು ಚಿಕ್ಕ ಕ್ಯಾಬಿನೆಟ್ಟಿಗೆ ಸೇರಿಸಿ, ನಡುಮನೆಯ ಟಿ.ವಿ.ಗೆ ಜೋಡಿಸಿದ್ದ. ಮನೆಯ ಫೋಟೋಗಳು, ಅಕ್ಕನ ಮದುವೆಯ ವಿಡಿಯೊ, ತೀರಿಕೊಂಡ ಅಜ್ಜಿ ಹೇಳುತ್ತಿದ್ದ ಸೋಬಾನೆ ಪದಗಳು, ಎಲ್ಲವೂ ಅದರಲ್ಲಿ. ಅಜ್ಜಿಯ ಪದಗಳು ಹಳೆಯ ಕ್ಯಾಸೆಟ್ಟಿನಲ್ಲಿದ್ದವು. ಅವನ್ನು ತಂತಿ ಹಚ್ಚಿ ಕಂಪ್ಯೂಟರಿಗೆ ಇಳಿಸಿದ್ದು ಅವನೇ. ಸೋಫಾದ ಮೇಲೆ ಕುಳಿತು ರಿಮೋಟ್ ಒತ್ತಿದರೆ ಅಜ್ಜಿಯ ದನಿ ಕೇಳುತ್ತಿತ್ತು. ಇಂಥ ಯಂತ್ರಕ್ಕೆ ‘ಮೀಡಿಯಾ ಸೆಂಟರ್’ ಎನ್ನುತ್ತಾರೆ.

ಇದೇನೂ ಹೊಸ ಹುಚ್ಚಲ್ಲ. ಮೈಕ್ರೋಸಾಫ್ಟ್ ಕಂಪನಿಯು ಟಿ.ವಿ. ಮುಂದೆ ಇಡುವ ಕಂಪ್ಯೂಟರಿಗೆಂದೇ ವಿಂಡೋಸ್‌ನ ಮೀಡಿಯಾ ಸೆಂಟರ್ ಆವೃತ್ತಿಯನ್ನು 2002ರಲ್ಲಿ ತಂದಿತ್ತು. 2015ರಲ್ಲಿ ವಿಂಡೋಸ್ 10 ಬಂದಾಗ ಅದನ್ನು ಕೈಬಿಟ್ಟಿತು. ಅದೇ 2002ರಲ್ಲಿ ಎಕ್ಸ್‌ಬಾಕ್ಸ್ ಆಟದ ಯಂತ್ರಕ್ಕಾಗಿ ಕೆಲವು ಹವ್ಯಾಸಿಗಳು ಬರೆಯತೊಡಗಿದ ಇನ್ನೊಂದು ತಂತ್ರಾಂಶ ಬೆಳೆಯುತ್ತ ಹೋಗಿ, 2014ರಲ್ಲಿ ‘ಕೋಡಿ’ ಎಂಬ ಹೆಸರು ಪಡೆಯಿತು. ಅದು ಉಚಿತ. ನಮ್ಮ ಹುಡುಗ ಹಾಕಿಕೊಂಡಿದ್ದೂ ಅದನ್ನೇ.

ಎರಡು ವಾರ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಕಾಟ ಶುರುವಾಯಿತು. ನಡುವೆಯೇ ಕಂಪ್ಯೂಟರ್ ಪಟ್ಟನೆ ಆರಿಹೋಗುವುದು. ಕೆಲವು ಸಲ ಟಿ.ವಿ.ಯಲ್ಲಿ ‘ನೋ ಸಿಗ್ನಲ್’ ಎಂದು ಬರುವುದು. ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು. ಹುಡುಗ ನನಗೆ ಫೋನು ಮಾಡಿದ. ನಾನು ಆಗ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅರ್ಧ ಕಿವಿಯಲ್ಲಿ ಕೇಳಿಸಿಕೊಂಡು, “ರ‍್ಯಾಮ್ ಹೋಗಿರಬೇಕು ಕಣೋ, ಬದಲಾಯಿಸಿ ನೋಡು” ಎಂದುಬಿಟ್ಟೆ.

ಅವನು ಬದಲಾಯಿಸಿದ. ಐನೂರು ರೂಪಾಯಿ ಹೋಯಿತು, ಕಾಟ ಹೋಗಲಿಲ್ಲ. ಅಂಗಡಿಯವನೊಬ್ಬ “ಎಸ್.ಎಂ.ಪಿ.ಎಸ್. ಹೋಗಿದೆ” ಎಂದ. ಅದಕ್ಕೆ ಒಂಬೈನೂರು. ಹಣ ಅಮ್ಮನ ಚೀಟಿಯದು. ಅದೂ ಪ್ರಯೋಜನವಾಗದೆ ಇದ್ದಾಗ ತಂದೆಗೆ ಸಿಟ್ಟು ನೆತ್ತಿಗೇರಿತು. “ಎಸ್ಸೆಸ್ಸೆಲ್ಸಿ ವರ್ಷ. ಈ ಡಬ್ಬ ನಾಳೆ ಗುಜರಿಗೆ” ಎಂದು ಹೇಳಿಯೂಬಿಟ್ಟರು. ಹುಡುಗ ಸಂಜೆ ನಮ್ಮ ಮನೆಗೆ ಬಂದು ಸುಮ್ಮನೆ ನಿಂತ. ನನ್ನ ಒಂದು ಮಾತಿನಿಂದ ಐನೂರು ರೂಪಾಯಿ ಹೋಯಿತಲ್ಲ ಎಂದು ನನಗೆ ನಾಚಿಕೆಯಾಯಿತು. ತರಗತಿಯಲ್ಲಿ ‘ವೀಕ್ಷಣೆ, ಊಹೆ, ಪ್ರಯೋಗ, ತೀರ್ಮಾನ’ ಎಂದು ಮೂವತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿರುವವನು ನಾನು. ಫೋನು ಬಂದಾಗ ಮಾತ್ರ ವೀಕ್ಷಣೆಯನ್ನು ಬಿಟ್ಟು ನೇರವಾಗಿ ತೀರ್ಮಾನಕ್ಕೇ ಹಾರಿದ್ದೆ.

ಮರುದಿನ ಅವರ ಮನೆಗೆ ಹೋಗಿ ತಂದೆಯವರನ್ನು ಕೇಳಿಕೊಂಡೆ: “ಒಂದು ವಾರ ಟೈಂ ಕೊಡಿ ಸಾರ್. ಒಂದು ರೂಪಾಯಿಯೂ ಬೇಡ.” ಅವರು ಒಲ್ಲದ ಮನಸ್ಸಿನಿಂದಲೇ ಒಪ್ಪಿದರು. ಹುಡುಗನಿಗೆ ಎರಡು ಕೆಲಸ ಹೇಳಿದೆ. ಮೊದಲನೆಯದು, ಅಜ್ಜಿಯ ಪದ ಮತ್ತು ಮದುವೆಯ ವಿಡಿಯೊ ಎರಡನ್ನೂ ಬೇರೆ ಡಿಸ್ಕಿಗೆ ಪ್ರತಿ ಮಾಡಿಕೊಳ್ಳುವುದು. ಯಂತ್ರ ಹೋದರೆ ತರಬಹುದು, ಅಜ್ಜಿಯ ದನಿ ತರಲಾಗದು. ಎರಡನೆಯದು, ಏನನ್ನೂ ಬಿಚ್ಚದೆ, ಏನನ್ನೂ ಬದಲಾಯಿಸದೆ ಒಂದು ವಾರ ಬರೆದಿಡುವುದು. ಎಷ್ಟು ಗಂಟೆಗೆ ಹಾಕಿದ, ಎಷ್ಟಕ್ಕೆ ಆರಿತು, ಟಿ.ವಿ. ಮೊದಲು ಹಾಕಿದನೋ ಕಂಪ್ಯೂಟರ್ ಮೊದಲೋ, ಆಗ ಮನೆಯಲ್ಲಿ ಇನ್ನೇನು ನಡೆಯುತ್ತಿತ್ತು, ಎಲ್ಲವೂ ನೋಟ್‌ಬುಕ್ಕಿನಲ್ಲಿ ಬರಬೇಕು.

ವೈದ್ಯರ ಹತ್ತಿರ ಜ್ವರ ಎಂದು ಹೋದರೆ ಅವರು ಮೊದಲು ಕೇಳುವುದು “ಯಾವಾಗಿನಿಂದ? ದಿನದ ಯಾವ ಹೊತ್ತಿನಲ್ಲಿ?” ಎಂದಲ್ಲವೇ? ಯಂತ್ರದ ವಿಷಯದಲ್ಲಿ ಮಾತ್ರ ನಾವು ‘ಏನು ಕೆಟ್ಟಿದೆ?’ ಎಂದು ಕೇಳುತ್ತೇವೆ. ‘ಯಾವಾಗ ಕೆಡುತ್ತದೆ?’ ಎಂದು ಕೇಳುವುದಿಲ್ಲ. ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಮೊದಲನೆಯದಕ್ಕೆ ಉತ್ತರ ಬಹಳ ಸಲ ತಾನಾಗಿಯೇ ಸಿಗುತ್ತದೆ.

ವಾರದ ಕೊನೆಗೆ ಹುಡುಗ ನೋಟ್‌ಬುಕ್ ತಂದ. ಒಟ್ಟು ಒಂಬತ್ತು ಸಲ ಹಾಕಿದ್ದ. ಐದು ಸಲ ಆರಿಹೋಗಿತ್ತು: 24 ನಿಮಿಷಕ್ಕೆ, 27ಕ್ಕೆ, 22ಕ್ಕೆ, 25ಕ್ಕೆ, 26ಕ್ಕೆ. ಆರಿದ ಕೂಡಲೇ ಮತ್ತೆ ಹಾಕಿದ ಎರಡು ಸಲ ನಾಲ್ಕೈದು ನಿಮಿಷಕ್ಕೇ ಆರಿತ್ತು. ಒಂದು ದಿನ ಮಾತ್ರ ಒಂದು ಗಂಟೆ ಹತ್ತು ನಿಮಿಷ ಓಡಿತ್ತು. ಅದರ ಪಕ್ಕದಲ್ಲಿ ಅವನು ಬರೆದಿದ್ದ: ‘ತಂಗಿ ಶೋಕೇಸಿನ ಬಾಗಿಲು ತೆರೆದು ಹಾಗೇ ಬಿಟ್ಟಿದ್ದಳು.’ ಉಳಿದ ಒಂದು ಸಲ ಹತ್ತು ನಿಮಿಷಕ್ಕೆ ಅವನೇ ಆರಿಸಿದ್ದ. ‘ನೋ ಸಿಗ್ನಲ್’ ಬಂದದ್ದು ಮೂರು ಸಲ. ಆ ಮೂರೂ ಸಲ ಕಂಪ್ಯೂಟರನ್ನು ಮೊದಲು ಹಾಕಿ, ಟಿ.ವಿ.ಯನ್ನು ಆಮೇಲೆ ಹಾಕಲಾಗಿತ್ತು. ಕಡೆಯ ಸಾಲಿನಲ್ಲಿ ಇನ್ನೊಂದು ಮಾತಿತ್ತು: ‘ಅಮ್ಮ ನೆಲ ಒರೆಸುವಾಗ ಡಬ್ಬ ಮುಟ್ಟಿದರೆ ಜುಮ್ ಎನ್ನುತ್ತದಂತೆ. ನನಗೆ ಎನ್ನುವುದಿಲ್ಲ.’

ಮಕ್ಕಳೇ, ಈ ಪುಟವನ್ನು ಓದಿದಾಗ ನನಗೆ ಸಂತೋಷವೂ ಆಯಿತು, ಕಡೆಯ ಸಾಲು ನೋಡಿ ಗಾಬರಿಯೂ ಆಯಿತು. ಒಂದೊಂದಾಗಿ ನೋಡೋಣ.

ಪ್ರತಿ ಸಲವೂ ಹೆಚ್ಚು ಕಡಿಮೆ ಅದೇ ಸಮಯಕ್ಕೆ ಆರುತ್ತದೆ, ಕೂಡಲೇ ಹಾಕಿದರೆ ಬೇಗ ಆರುತ್ತದೆ, ಬಾಗಿಲು ತೆರೆದಿದ್ದರೆ ಆರುವುದಿಲ್ಲ. ಇದು ಉಷ್ಣದ ಹೆಜ್ಜೆಗುರುತು. ಸಡಿಲ ತಂತಿಯಾಗಿದ್ದರೆ ಹೊತ್ತುಗೊತ್ತಿಲ್ಲದೆ ಆರುತ್ತಿತ್ತು. ಕೆಟ್ಟ ರ‍್ಯಾಮ್ ಸಾಮಾನ್ಯವಾಗಿ ಪರದೆಯನ್ನು ಹೆಪ್ಪುಗಟ್ಟಿಸುತ್ತದೆ, ಇಲ್ಲವೇ ಕಂಪ್ಯೂಟರನ್ನು ಮತ್ತೆ ಮತ್ತೆ ಶುರು ಮಾಡಿಸುತ್ತದೆ. ಅದಕ್ಕೆ ಗಡಿಯಾರದ ಲೆಕ್ಕ ಗೊತ್ತಿರುವುದಿಲ್ಲ. ಕಾಯಲು ಮಾತ್ರ ಇಂತಿಷ್ಟು ಹೊತ್ತು ಬೇಕು. ಪ್ರೊಸೆಸರಿನ ತಾಪ ಮಿತಿಮೀರಿದರೆ ಅದು ಮೊದಲು ತನ್ನ ವೇಗ ಇಳಿಸುತ್ತದೆ. ಆಗಲೂ ತಣಿಯದಿದ್ದರೆ ತನ್ನನ್ನು ತಾನೇ ಉಳಿಸಿಕೊಳ್ಳಲು ಇಡೀ ಯಂತ್ರವನ್ನು ಆರಿಸಿಬಿಡುತ್ತದೆ. ಆರಿದ್ದು ರೋಗವಲ್ಲ, ರಕ್ಷಣೆ.

ಪ್ಲಗ್ ಕಿತ್ತು ಕ್ಯಾಬಿನೆಟ್ ತೆರೆದೆವು. ಫ್ಯಾನಿನ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಕೂತಿತ್ತು. ಪ್ರೊಸೆಸರಿನ ಮೇಲೆ ಹಚ್ಚುವ ಬಿಳಿಯ ಲೇಪ, ಅದೇ ಥರ್ಮಲ್ ಪೇಸ್ಟ್, ಒಣಗಿ ಸುಣ್ಣದ ಪುಡಿಯಂತಾಗಿತ್ತು. ಈ ಲೇಪ ಏಕೆ ಬೇಕು? ಎರಡು ಲೋಹದ ಮೈಗಳು ಎಷ್ಟೇ ನುಣುಪಾಗಿ ಕಂಡರೂ ಅವುಗಳ ನಡುವೆ ಸಣ್ಣ ಸಣ್ಣ ಸಂದುಗಳಿರುತ್ತವೆ, ಅವುಗಳಲ್ಲಿ ಗಾಳಿ ಇರುತ್ತದೆ. ಗಾಳಿಯ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 0.026 ವ್ಯಾಟ್. ಅಲ್ಯೂಮಿನಿಯಂನದು 200ಕ್ಕೂ ಹೆಚ್ಚು. ಆ ಗಾಳಿಯನ್ನು ಹೊರದೂಡಿ ಸಂದು ತುಂಬುವುದೇ ಲೇಪದ ಕೆಲಸ. ಹಳೆಯದನ್ನು ಒರೆಸಿ, ಬಟಾಣಿ ಕಾಳಿನಷ್ಟು ಹೊಸದನ್ನು ಹಚ್ಚಿದರೆ ಸಾಕು. ಹೆಚ್ಚು ಹಚ್ಚಿದರೆ ಹೆಚ್ಚು ತಂಪು ಎಂದು ತಿಳಿಯಬೇಡಿ, ದಪ್ಪವಾದಷ್ಟೂ ಅದೇ ಅಡ್ಡಗೋಡೆಯಾಗುತ್ತದೆ.

ಧೂಳು ತೆಗೆದು, ಲೇಪ ಹಚ್ಚಿ, ಡಬ್ಬವನ್ನು ಶೋಕೇಸಿನ ಒಳಗಿನಿಂದ ತೆಗೆದು ಮೇಲಿಟ್ಟೆವು. ಮೊದಲು ಅರ್ಧ ಗಂಟೆಯೊಳಗೆ 95 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದ ತಾಪ ಈಗ 60ರ ಆಸುಪಾಸಿನಲ್ಲಿ ನಿಂತಿತು. ಖರ್ಚು ಲೇಪದ್ದು ಮಾತ್ರ, ಅದನ್ನು ನಾನೇ ಕೊಟ್ಟೆ. ರ‍್ಯಾಮಿನ ಋಣ ಸ್ವಲ್ಪ ತೀರಿತು.

ಇನ್ನು ‘ನೋ ಸಿಗ್ನಲ್’. ಎಚ್.ಡಿ.ಎಂ.ಐ. ತಂತಿಯಲ್ಲಿ ಚಿತ್ರ ಮತ್ತು ಧ್ವನಿ ಟಿ.ವಿ.ಗೆ ಹೋಗುವುದು ಮಾತ್ರವಲ್ಲ, ಟಿ.ವಿ.ಯಿಂದಲೂ ಒಂದು ಪರಿಚಯಪತ್ರ ಕಂಪ್ಯೂಟರಿಗೆ ಬರುತ್ತದೆ. ‘ನಾನು ಇಂಥ ಟಿ.ವಿ., ಇಷ್ಟು ಗಾತ್ರದ ಚಿತ್ರವನ್ನು ತೋರಿಸಬಲ್ಲೆ’ ಎಂಬುದು ಅದರ ಸಾರ. ಕಂಪ್ಯೂಟರ್ ಶುರುವಾಗುವಾಗ ಟಿ.ವಿ. ಆರಿದ್ದರೆ ಕೆಲವು ಜೋಡಿಗಳಲ್ಲಿ ಈ ಪತ್ರ ಬರುವುದೇ ಇಲ್ಲ. ಕಂಪ್ಯೂಟರು ಎದುರಿಗೆ ಯಾರೂ ಇಲ್ಲವೆಂದು ಸುಮ್ಮನಾಗುತ್ತದೆ. ಟಿ.ವಿ. ಮೊದಲು, ಕಂಪ್ಯೂಟರ್ ಆಮೇಲೆ ಎಂಬ ರೂಢಿ ಮಾಡಿಕೊಂಡರು. ತೊಂದರೆ ತೀರಿತು. ಖರ್ಚು ಸೊನ್ನೆ.

ಇಲ್ಲೊಂದು ಮಾತು ಗಮನಿಸಿ. ಹುಡುಗನೂ, ಅಂಗಡಿಯವನೂ, ನಾನೂ ಈ ಎಲ್ಲ ಕಾಟಗಳಿಗೂ ಒಂದೇ ಕಾರಣವಿದೆ ಎಂದು ನಂಬಿದ್ದೆವು. ಹಾಗಾಗಿಯೇ ಒಂದು ಭಾಗ ಬದಲಾಯಿಸಿ ಎಲ್ಲವೂ ಸರಿಯಾಗಲಿ ಎಂದು ಕಾದೆವು. ನಿಜದಲ್ಲಿ ಇದ್ದದ್ದು ಮೂರು ಬೇರೆ ಬೇರೆ ದೋಷ. ಅವುಗಳಲ್ಲಿ ಮೂರನೆಯದು ಕಂಪ್ಯೂಟರಿನಲ್ಲಿ ಇರಲೇ ಇಲ್ಲ.

“ಅದೇನಿಲ್ಲ ಬಿಡಿ ಮೇಷ್ಟ್ರೇ, ಸ್ವಲ್ಪ ಇರುವೆ ಹರಿದ ಹಾಗೆ ಆಗುತ್ತೆ ಅಷ್ಟೆ. ವಾಷಿಂಗ್ ಮಿಷನ್ನೂ ಹಾಗೇ ಮಾಡುತ್ತೆ” ಎಂದರು ಹುಡುಗನ ತಾಯಿ. ಆ ಕಡೆಯ ಮಾತು ಕೇಳಿ ನಾನು ಕುರ್ಚಿಯಿಂದ ಎದ್ದೆ.

ಕಂಪ್ಯೂಟರಿನ ಎಸ್.ಎಂ.ಪಿ.ಎಸ್. ಒಳಗೆ, ಗೋಡೆಯಿಂದ ಬರುವ ವಿದ್ಯುತ್ತಿನ ಗದ್ದಲವನ್ನು ಸೋಸಲು ಎರಡು ಸಣ್ಣ ಕೆಪಾಸಿಟರುಗಳಿರುತ್ತವೆ. ಒಂದು ಫೇಸ್ ತಂತಿಯಿಂದ ಕ್ಯಾಬಿನೆಟ್ಟಿನ ಲೋಹಕ್ಕೆ, ಇನ್ನೊಂದು ನ್ಯೂಟ್ರಲ್ ತಂತಿಯಿಂದ ಅದೇ ಲೋಹಕ್ಕೆ. ಭೂಸಂಪರ್ಕ ಸರಿಯಾಗಿದ್ದರೆ, ಅಂದರೆ ಮೂರನೇ ಪಿನ್ನಿನ ಮೂಲಕ ಆ ಲೋಹವು ನೆಲಕ್ಕೆ ಸೇರಿದ್ದರೆ, ಇವುಗಳಲ್ಲಿ ಸೋರುವ ಅತ್ಯಲ್ಪ ವಿದ್ಯುತ್ತು ನೆಲಕ್ಕೆ ಹೋಗುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ. ಭೂಸಂಪರ್ಕ ಇಲ್ಲದಿದ್ದರೆ? ಸಮಾನವಾದ ಎರಡು ಕೆಪಾಸಿಟರುಗಳು 230 ವೋಲ್ಟನ್ನು ಸರಿಪಾಲು ಮಾಡಿಕೊಳ್ಳುತ್ತವೆ. ನಡುವೆ ಇರುವ ಕ್ಯಾಬಿನೆಟ್ ಸುಮಾರು 115 ವೋಲ್ಟಿನಲ್ಲಿ ನಿಲ್ಲುತ್ತದೆ!

ಹಾಗಾದರೆ ಅಮ್ಮನಿಗೆ ದೊಡ್ಡ ಶಾಕ್ ಏಕೆ ಹೊಡೆಯಲಿಲ್ಲ? ಆ ಕೆಪಾಸಿಟರುಗಳು ಬಹಳ ಚಿಕ್ಕವು. ತಲಾ 2.2 ನ್ಯಾನೋಫ್ಯಾರಡ್ ಎಂದಿಟ್ಟುಕೊಂಡರೆ, ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅವುಗಳ ಮೂಲಕ ಹರಿಯಬಲ್ಲದ್ದು ಸುಮಾರು 0.16 ಮಿಲಿಆಂಪಿಯರ್ ಮಾತ್ರ. ಪಿ.ಯು. ಓದುವವರು ಲೆಕ್ಕ ಮಾಡಿ ನೋಡಬಹುದು. ಅದು ಜುಮ್ ಎನ್ನಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತ ತಾಯಿಗೆ ತಿಳಿಯಿತು, ಚಪ್ಪಲಿ ಹಾಕಿಕೊಂಡಿದ್ದ ಮಗನಿಗೆ ತಿಳಿಯಲಿಲ್ಲ. ಸ್ಪೀಕರಿನ ಗುಂಯ್ ಸದ್ದಿನ ಮೂಲವೂ ಇದೇ ಎಂದು ಆಮೇಲೆ ಗೊತ್ತಾಯಿತು.

ಅಪಾಯ ಇರುವುದು ಈ ಜುಮ್ಮಿನಲ್ಲಲ್ಲ, ಅದು ಹೇಳುತ್ತಿರುವ ಸುದ್ದಿಯಲ್ಲಿ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆವು. ಫೇಸ್ ಮತ್ತು ನ್ಯೂಟ್ರಲ್ ನಡುವೆ 228 ವೋಲ್ಟ್ ಸರಿಯಾಗಿಯೇ ಇತ್ತು. ಕ್ಯಾಬಿನೆಟ್ಟಿಗೂ ನೆಲಕ್ಕೂ ನಡುವೆ 108 ವೋಲ್ಟ್! ಅವರು ಸ್ವಿಚ್‌ಬೋರ್ಡ್ ಬಿಚ್ಚಿದರು. ಮೂರನೇ ತೂತಿಗೆ ಹಸಿರು ತಂತಿ ಬಂದಿತ್ತು, ಸ್ಕ್ರೂ ಬಿಗಿಯಾಗಿತ್ತು. ಇನ್ನೊಂದು ಬೋರ್ಡ್, ಅಲ್ಲೂ ಸರಿ. ಮೀಟರ್ ಬೋರ್ಡಿನಲ್ಲೂ ಸರಿ. ಹಾಗಾದರೆ ದೋಷ ಎಲ್ಲಿ? ಹೊರಗೆ ಹೋಗಿ ಹಸಿರು ತಂತಿಯ ಜಾಡು ಹಿಡಿದು ನಡೆದರು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ತಂತಿ ಮೊಂಡಾಗಿ ನಿಂತಿತ್ತು. ಮೂರು ವರ್ಷದ ಹಿಂದೆ ಸಂಪು ತೋಡಿಸುವಾಗ ಹಾರೆಯ ಪೆಟ್ಟಿಗೆ ತುಂಡಾಗಿದ್ದಿರಬೇಕು. ಅರ್ಥಿಂಗ್ ಗುಂಡಿಯ ಮೇಲೆಯೇ ಸಂಪು ಕಟ್ಟಿಬಿಟ್ಟಿದ್ದರು.

ಅಂದರೆ ಮೂರು ವರ್ಷದಿಂದ ಆ ಮನೆಯ ಫ್ರಿಜ್, ವಾಷಿಂಗ್ ಮಿಷನ್, ಬಚ್ಚಲುಮನೆಯ ಗೀಸರ್, ಎಲ್ಲದಕ್ಕೂ ಹೆಸರಿಗೆ ಮಾತ್ರ ಭೂಸಂಪರ್ಕ. ಇದಕ್ಕಿಂತ ಕೆಟ್ಟ ಸಂಗತಿ ಇನ್ನೊಂದಿದೆ. ಮನೆಯೊಳಗೆ ಎಲ್ಲ ಯಂತ್ರಗಳ ಲೋಹದ ಮೈಯನ್ನೂ ಹಸಿರು ತಂತಿ ಒಂದಕ್ಕೊಂದು ಸೇರಿಸಿರುತ್ತದೆ. ತುದಿ ನೆಲ ಸೇರದಿದ್ದಾಗ, ಗೀಸರಿನ ಒಳಗೆ ಫೇಸ್ ತಂತಿ ಲೋಹಕ್ಕೆ ತಾಗಿದರೆ ಪೂರ್ತಿ 230 ವೋಲ್ಟು ಗೀಸರಿನಲ್ಲಿ ಮಾತ್ರವಲ್ಲ, ಫ್ರಿಜ್ಜಿನ ಹಿಡಿಯಲ್ಲೂ, ವಾಷಿಂಗ್ ಮಿಷನ್ನಿನಲ್ಲೂ, ಈ ಡಬ್ಬದಲ್ಲೂ ಬಂದು ಕೂರುತ್ತದೆ. ಆಗ ನಡುವೆ ಸಣ್ಣ ಕೆಪಾಸಿಟರಿನ ತಡೆ ಇರುವುದಿಲ್ಲ. ಫ್ಯೂಸೂ ಹೋಗುವುದಿಲ್ಲ. ಏಕೆಂದರೆ ವಿದ್ಯುತ್ತು ನೆಲ ಸೇರುವ ದಾರಿಯೇ ಇಲ್ಲ, ಯಾರಾದರೂ ಮುಟ್ಟುವವರೆಗೆ.

ಹುಡುಗನ ತಂದೆ ಅಲ್ಲಿಯೇ ನಿಂತಿದ್ದರು. ತುಂಡಾದ ತಂತಿಯನ್ನು ಒಂದು ಕ್ಷಣ ನೋಡಿದರು. “ಇದಕ್ಕೆ ಎಷ್ಟಾಗುತ್ತೆ?” ಎಂದು ಎಲೆಕ್ಟ್ರಿಷಿಯನ್ನರನ್ನು ಕೇಳಿದರು, ಅವರು ಹೇಳಿದ ಮೊತ್ತಕ್ಕೆ ಚೌಕಾಸಿ ಮಾಡದೆ ಒಪ್ಪಿದರು. ಹೊಸ ಗುಂಡಿ ತೋಡಿ, ಜಿ.ಐ. ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿ, ತಂತಿ ಎಳೆದರು. ಮೀಟರಿನ ಪಕ್ಕದಲ್ಲಿ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಕೂಡಿಸಿದರು. ಫೇಸಿನಲ್ಲಿ ಹೋದ ವಿದ್ಯುತ್ತು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸು ಬಾರದಿದ್ದರೆ, ಅಂದರೆ ಬೇರೆ ದಾರಿಯಲ್ಲಿ ಸೋರುತ್ತಿದ್ದರೆ, ಅದು ಕಣ್ಣುಮಿಟುಕಿಸುವುದರೊಳಗೆ ಸಂಪರ್ಕ ಕಡಿಯುತ್ತದೆ. ಮಾಮೂಲಿ ಎಂ.ಸಿ.ಬಿ. ಈ ಕೆಲಸ ಮಾಡುವುದಿಲ್ಲ. ಅದು ನೋಡುವುದು ತಂತಿಗೆ ಭಾರ ಹೆಚ್ಚಾಯಿತೇ ಎಂಬುದನ್ನು ಮಾತ್ರ. ಎಲ್ಲ ಮುಗಿದ ಮೇಲೆ ಕ್ಯಾಬಿನೆಟ್ಟಿಗೂ ನೆಲಕ್ಕೂ ನಡುವೆ ಅಳೆದರು. ಒಂದು ವೋಲ್ಟೂ ಇರಲಿಲ್ಲ. ಗುಂಯ್ ಸದ್ದೂ ನಿಂತಿತ್ತು.

ಮನೆಯಲ್ಲಿ ಇಂಥ ಡಬ್ಬ ಕಟ್ಟಿಕೊಂಡಿರುವ ವಿದ್ಯಾರ್ಥಿಗಳಿಗಾಗಿ, ದೋಷ ಹುಡುಕುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಕತ್ತರಿಸಿ ಇಟ್ಟುಕೊಳ್ಳಿ.

1. ಗೋಡೆಯಿಂದ ಶುರು ಮಾಡಿ. ಪ್ಲಗ್ ಪಾಯಿಂಟಿಗೆ ಬೇರೆ ಯಂತ್ರ ಹಾಕಿದರೆ ಅದು ನಡೆಯುತ್ತದೆಯೇ? ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಹಾಕಿದ್ದೀರಾ? ಹಾಕಿದ್ದರೆ ಇಂದೇ ತೆಗೆಯಿರಿ. ಭೂಸಂಪರ್ಕದ ಪರೀಕ್ಷೆಯನ್ನು ಮಾತ್ರ ನೀವು ಮಾಡಬೇಡಿ, ಬಲ್ಲವರನ್ನು ಕರೆಸಿ.

2. ಬಟನ್ ಒತ್ತಿದರೆ ದೀಪವಿಲ್ಲ, ಫ್ಯಾನಿಲ್ಲ ಎಂದಾದರೆ ಎಸ್.ಎಂ.ಪಿ.ಎಸ್. ಕಡೆ ನೋಡಿ. ಅದು ಕೊಡಬೇಕಾದದ್ದು 3.3, 5 ಮತ್ತು 12 ವೋಲ್ಟಿನ ನೇರ ವಿದ್ಯುತ್ತು. ಶೇಕಡಾ 5ರಷ್ಟು ಹೆಚ್ಚು ಕಡಿಮೆ ನಡೆಯುತ್ತದೆ. 12 ವೋಲ್ಟ್ ಇರಬೇಕಾದ ಕಡೆ 11.4ಕ್ಕಿಂತ ಕೆಳಗಿಳಿದಿದ್ದರೆ ಅದು ಸೋತಿದೆ ಎಂದು ಅರ್ಥ. ಎಸ್.ಎಂ.ಪಿ.ಎಸ್. ಡಬ್ಬವನ್ನು ಮಾತ್ರ ಎಂದಿಗೂ ಬಿಚ್ಚಬೇಡಿ. 230 ವೋಲ್ಟಿನ ಶಿಖರ ಸುಮಾರು 325 ವೋಲ್ಟ್. ಅಷ್ಟನ್ನು ಹಿಡಿದಿಟ್ಟುಕೊಂಡ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಹೊಡೆಯಬಲ್ಲದು.

3. ಫ್ಯಾನು ತಿರುಗುತ್ತದೆ, ಚಿತ್ರವಿಲ್ಲ ಎಂದಾದರೆ ಎಲ್ಲವನ್ನೂ ಬಿಡಿಸಿ. ಮದರ್‌ಬೋರ್ಡ್, ಪ್ರೊಸೆಸರ್, ಒಂದೇ ಒಂದು ರ‍್ಯಾಮ್, ಇಷ್ಟರಿಂದ ಶುರು ಮಾಡಿ ಒಂದೊಂದಾಗಿ ಸೇರಿಸುತ್ತ ಹೋಗಿ. ಯಾವುದನ್ನು ಸೇರಿಸಿದಾಗ ನಿಂತಿತೋ ಅದೇ ಕಳ್ಳ. ರ‍್ಯಾಮಿನ ಹೊಂಬಣ್ಣದ ಅಂಚನ್ನು ಮೆದು ರಬ್ಬರಿನಿಂದ ಉಜ್ಜಿ, ಪುಡಿ ಕೊಡವಿ, ಕ್ಲಿಪ್ ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿ. ಬೀಪ್ ಸದ್ದುಗಳಿಗೆ ಅರ್ಥವಿರುತ್ತದೆ. ಅದು ಬೋರ್ಡಿನಿಂದ ಬೋರ್ಡಿಗೆ ಬೇರೆ, ಜೊತೆಗೆ ಬಂದ ಕೈಪಿಡಿಯಲ್ಲಿ ನೋಡಿ.

4. ಪ್ರತಿ ಸಲವೂ ಗಡಿಯಾರ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸಿ.ಆರ್. 2032 ಬ್ಯಾಟರಿ ಬದಲಾಯಿಸಿ. ಅದು 3 ವೋಲ್ಟಿನದು, ಬೆಲೆಯೂ ಅಲ್ಪ. ಬೋರ್ಡು ತೀರಾ ಹಳೆಯದಾಗಿದ್ದರೆ ಡ್ರಮ್ಮಿನಾಕಾರದ ಕೆಪಾಸಿಟರುಗಳ ತಲೆ ಉಬ್ಬಿದೆಯೇ ನೋಡಿ. ಸುಮಾರು 1999ರಿಂದ 2007ರವರೆಗೆ ತಯಾರಾದ ಬಹಳಷ್ಟು ಬೋರ್ಡುಗಳು ಈ ರೋಗದಿಂದಲೇ ಸತ್ತವು.

5. ಹಾರ್ಡ್‌ಡಿಸ್ಕ್ ಕಟಕಟ ಎಂದರೆ ಮೊದಲು ಪ್ರತಿ ಮಾಡಿಕೊಳ್ಳಿ, ಆಮೇಲೆ ಪರೀಕ್ಷೆ. ಡಿಸ್ಕು ತನ್ನ ಆರೋಗ್ಯದ ದಾಖಲೆಯನ್ನು ತಾನೇ ಇಟ್ಟುಕೊಂಡಿರುತ್ತದೆ, ಅದರ ಹೆಸರು ‘ಸ್ಮಾರ್ಟ್’. ಅದರಲ್ಲಿ 5ನೇ ಅಂಕಿ ಏರುತ್ತಿದ್ದರೆ ಡಿಸ್ಕಿನ ಮೈಯೇ ಹಾಳಾಗುತ್ತಿದೆ. 199ನೇ ಅಂಕಿ ಏರುತ್ತಿದ್ದರೆ ಬಹುಮಟ್ಟಿಗೆ ತಪ್ಪು ತಂತಿಯದು. ತಂತಿ ಬದಲಾಯಿಸಿದರೆ ಸಾಕಾಗುವ ಕಡೆ ಡಿಸ್ಕನ್ನೇ ಎಸೆಯಬೇಡಿ.

6. ಯಂತ್ರ ಸರಿಯಿದೆ, ಕೆಲವು ವಿಡಿಯೊ ಮಾತ್ರ ತಡವರಿಸುತ್ತವೆ ಎಂದಾದರೆ ಅದು ದೋಷವಲ್ಲ, ವಯಸ್ಸು. 2013ರಲ್ಲಿ ಬಂದ ಎಚ್.ಇ.ವಿ.ಸಿ. ಎಂಬ ವಿಡಿಯೊ ಬಗೆಯನ್ನು ಸಲೀಸಾಗಿ ಬಿಡಿಸುವ ಏರ್ಪಾಡು ಇಂಟೆಲ್‌ನಲ್ಲಿ 2015ರ ಆರನೇ ತಲೆಮಾರಿನಿಂದ ಬಂತು. 2018ರಲ್ಲಿ ಬಂದ ಎ.ವಿ.1 ಎಂಬುದಕ್ಕೆ 2020ರ ಹನ್ನೊಂದನೇ ತಲೆಮಾರಿನಿಂದ. ಹಾಗೆಯೇ 4ಕೆ ಚಿತ್ರಕ್ಕೆ 2009ರ ಎಚ್.ಡಿ.ಎಂ.ಐ. 1.4ರಲ್ಲಿ ಸೆಕೆಂಡಿಗೆ 30 ಚೌಕಟ್ಟು ಮಾತ್ರ. 60 ಬೇಕಾದರೆ 2013ರ 2.0 ಇರಬೇಕು.

7. ಚಿತ್ರವಿದೆ, ಧ್ವನಿಯಿಲ್ಲ ಎಂದಾದರೆ ಧ್ವನಿ ಯಾವ ದಾರಿಯಲ್ಲಿ ಹೋಗಬೇಕೆಂದು ಸೆಟಿಂಗ್ಸ್‌ನಲ್ಲಿ ಆರಿಸಿ. ಚಿತ್ರದ ಅಂಚು ಕತ್ತರಿಸಿದಂತಿದ್ದರೆ ಅದು ಪಿಕ್ಚರ್ ಟ್ಯೂಬಿನ ಕಾಲದಿಂದ ಉಳಿದುಬಂದ ಅಭ್ಯಾಸ. ಟಿ.ವಿ.ಯ ಮೆನುವಿನಲ್ಲಿ ಚಿತ್ರದ ಅಳತೆ ಬದಲಾಯಿಸಿದರೆ ಸರಿಹೋಗುತ್ತದೆ.

ಈ ಏಳಕ್ಕೂ ಮೇಲಿನ ನಿಯಮ ಒಂದಿದೆ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಬದಲಾಯಿಸಿದ್ದನ್ನು ಬರೆದಿಡಿ. ಎರಡನ್ನು ಒಟ್ಟಿಗೆ ಬದಲಾಯಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ನಿಮಗೆ ಎಂದೂ ಗೊತ್ತಾಗುವುದಿಲ್ಲ. ಒಳಗೆ ಕೈ ಹಾಕುವ ಮೊದಲು ಪ್ಲಗ್ ಕೀಳಿ. ಸ್ವಿಚ್ ಒತ್ತಿ ಕಂಪ್ಯೂಟರ್ ಆರಿಸಿದರೂ ಪ್ಲಗ್ ಇರುವವರೆಗೆ ಒಳಗೆ 5 ವೋಲ್ಟಿನ ಒಂದು ದಾರಿ ಜೀವಂತವಾಗಿರುತ್ತದೆ.

ತಂದೆತಾಯಿಗಳಿಗೆ ಒಂದು ಮಾತು. ಮಕ್ಕಳು ಬಿಚ್ಚಿದ ಯಂತ್ರದ ಮುಂದೆ ಕೂತಿದ್ದಾಗ ‘ಓದುವುದು ಬಿಟ್ಟು’ ಎಂದು ನಾವು ಗದರುತ್ತೇವೆ. ಗದರಬೇಕಾದ ಸಂದರ್ಭವೂ ಇರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಗದರುವ ಮೊದಲು ಒಂದು ನೋಟ್‌ಬುಕ್ ಕೊಟ್ಟು ನೋಡಿ. ಬರೆದಿಡುವ ಹುಡುಗ ಆಟವಾಡುತ್ತಿಲ್ಲ. ಆ ಮನೆಯ ಹಿತ್ತಲಿನ ತುಂಡು ತಂತಿಯನ್ನು ಹಿಡಿದುಕೊಟ್ಟದ್ದು ನನ್ನ ಬಿ.ಎಸ್ಸಿ.ಯಲ್ಲ, ಹುಡುಗ ಬರೆದ ಕಡೆಯ ಸಾಲು. ನಾನು ಹೇಳಿದ ಪಟ್ಟಿಯಲ್ಲಿ ಅಮ್ಮನ ಮಾತು ಇರಲಿಲ್ಲ, ಅವನೇ ಸೇರಿಸಿದ್ದ.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮರುದಿನ ಅದೇ ಎಲೆಕ್ಟ್ರಿಷಿಯನ್ನರನ್ನು ನಮ್ಮ ಶಾಲೆಯ ಪ್ರಯೋಗಾಲಯಕ್ಕೆ ಕರೆದೊಯ್ದೆ. ಹನ್ನೊಂದು ಪಾಯಿಂಟುಗಳಲ್ಲಿ ಎರಡರ ಮೂರನೇ ತೂತಿಗೆ ತಂತಿಯೇ ಇರಲಿಲ್ಲ. ಅದೇ ಮೇಜಿನ ಮುಂದೆ ನಿಂತು ನಾನು ಎಷ್ಟೋ ವರ್ಷ ‘ಭೂಸಂಪರ್ಕದ ಮಹತ್ವ’ ಎಂಬ ಪಾಠ ಮಾಡಿದ್ದೇನೆ. ಈಗ ಅವೆರಡಕ್ಕೂ ಹಸಿರು ತಂತಿ ಬಂದಿದೆ. ಈ ಭಾನುವಾರ ನಿಮ್ಮ ಮನೆಯದನ್ನೂ ಬಲ್ಲವರಿಂದ ಒಮ್ಮೆ ನೋಡಿಸಿ.

ಈ ವಾರದ ಪ್ರಶ್ನೆ: ಮೂರು ಪಿನ್ನಿನ ಪ್ಲಗ್ಗನ್ನು ಕೈಯಲ್ಲಿ ಹಿಡಿದು ನೋಡಿ. ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದವೂ ಹೌದು, ದಪ್ಪವೂ ಹೌದು. ಉದ್ದ ಏಕೆ? ದಪ್ಪ ಏಕೆ? ಎರಡಕ್ಕೂ ಬೇರೆ ಬೇರೆ ಕಾರಣಗಳಿವೆ. ಅಪ್ಪ ಅಮ್ಮನ ಜೊತೆ ಕೂತು ಯೋಚಿಸಿ. ಉತ್ತರ ಮುಂದಿನ ವಾರ.